ಸಾಮಿಲ್‌ನ ಹಂದರದ ಸೆಟ್: ಮರಕ್ಕೆ ದುಡ್ಡು ಕೊಡಿ, ಬೋಲ್ಟಿನ ಪೊಟ್ಟಣಕ್ಕೆ ಬೇಡ

ವರ್ಷವರ್ಷ ಅಡಿಕೆ ದಬ್ಬೆ ಬಿಚ್ಚಿ ಕಟ್ಟಲು ಆಳು ಸಿಗದವರು ಈಗ ಸಾಮಿಲ್‌ಗಳಲ್ಲಿ ಬಳ್ಳಿ ಹಬ್ಬಿಸಲು ಅಳತೆಗೆ ಕೊಯ್ದು ಕೊಡುವ ಮರದ ಹಂದರ ವಿಚಾರಿಸುತ್ತಾರೆ. ಶಿವಮೊಗ್ಗದಲ್ಲಿ ಸಿಗುವ ಅಂಥದ್ದೊಂದು 10×10 ಅಡಿಯ ಅಕೇಶಿಯಾ ಸೆಟ್ ಬಗ್ಗೆ ಈ ಟಿಪ್ಪಣಿ.

ಸೆಟ್‌ನಲ್ಲಿ ಬರುವುದು ಇಷ್ಟು: 4×4 ಇಂಚಿನ 9 ಅಡಿ ಕಂಬ ನಾಲ್ಕು, 2×6ರ 12 ಅಡಿ ತೊಲೆ ನಾಲ್ಕು, ತೊಲೆ ಮೇಲೆ ಅಡ್ಡ ಕೂರುವ 2×4ರ 12 ಅಡಿ ಪಕಾಸಿ ಒಂಬತ್ತು, ಪಕಾಸಿ ಮೇಲೆ ಬರುವ ಒಂದೂವರೆ ಇಂಚು ಅಗಲ ಮುಕ್ಕಾಲು ಇಂಚು ದಪ್ಪದ ರೀಪು ಹದಿನಾರು. ಕೂಡಿಸಿದರೆ ಸುಮಾರು 15.5 ಸಿಎಫ್‌ಟಿ (ಘನ ಅಡಿ). ಬಿಲ್ಲಿನಲ್ಲಿ 16 ದಾಟಿದ್ದರೆ ಪ್ರತಿ ತುಂಡಿನ ಲೆಕ್ಕ ಕೇಳಿ, ಕೊಡುತ್ತಾರೆ.

ಮರ ನಿಜಕ್ಕೂ ಚೆನ್ನಾಗಿದೆ. ಕೊಯ್ತ ನೇರ, ಕಂಬಗಳಲ್ಲಿ ಗಂಟು ಕಡಿಮೆ. ಆದರೆ ಅಂಚಿನಲ್ಲಿ ಹಳದಿ-ಬಿಳಿ ಪಟ್ಟೆ ಇರುವ ತುಂಡನ್ನು ಬದಲಿಸಿಕೊಳ್ಳಿ. ಅಕೇಶಿಯಾದ ಕೆಂಗಂದು ಕೆಚ್ಚು ಬಾಳುತ್ತದೆ, ಬಿಳಿ ಭಾಗಕ್ಕೆ ಹುಳ ಬೀಳುತ್ತದೆ. ‘ಒಣಗಿದ್ದೇ ಸಾರ್’ ಎಂಬ ಮಾತಿಗಿಂತ ತೇವದ ಮೀಟರ್ ನಂಬಬಹುದು: 18 ಶೇಕಡಾ ಮೀರಿದ್ದರೆ ಬೇಸಿಗೆಯಲ್ಲಿ ಪಕಾಸಿ ತಿರುಚಿಕೊಳ್ಳುತ್ತದೆ.

ಇನ್ನು ಜೊತೆಗೆ ಬರುವ ಪೊಟ್ಟಣ. ಕಂಬದ ಎರಡೂ ಮಗ್ಗುಲಿಗೆ ಒಂದೊಂದು ತೊಲೆ ಕೂರುತ್ತದೆ, ಅಂದರೆ 2+4+2, ಒಟ್ಟು 8 ಇಂಚು ಮರ. ಕೊಟ್ಟಿರುವ ಬೋಲ್ಟೂ 8 ಇಂಚೇ! ವಾಷರ್, ನಟ್ಟಿಗೆ ಜಾಗವೆಲ್ಲಿ? ಬಡಗಿ ತೊಲೆಯಲ್ಲಿ ಗುಳಿ ತೋಡಿ ನಟ್ಟು ಒಳಗೆ ಕೂರಿಸುತ್ತಾನೆ, ಆ ಗುಳಿಯಲ್ಲಿ ನೀರು ನಿಂತು ತೊಲೆ ಅಲ್ಲಿಂದಲೇ ಕೊಳೆಯುತ್ತದೆ. ಸಾಲದ್ದಕ್ಕೆ ಹಳದಿ ಲೇಪದ ಬೋಲ್ಟು, ಮಲೆನಾಡಿನ ಮಳೆಗೆ ಬೇಗ ತುಕ್ಕು ಹಿಡಿಯುವಂಥದ್ದು. ಇದನ್ನು ಬಿಟ್ಟು ಒಂದು ಮೀಟರಿನ 12 ಎಂಎಂ ಸ್ಟೇನ್‌ಲೆಸ್ ಥ್ರೆಡ್ ರಾಡ್ ಎರಡು ತಂದು 24 ಸೆಂ.ಮೀ.ನಂತೆ ಕತ್ತರಿಸಿದರೆ ಎಂಟು ತುಂಡು. ಕಂಬಕ್ಕೆರಡು, ಓರೆಯಾಗಿ. ಒಂದರ ಕೆಳಗೊಂದು ಒಂದೇ ಎಳೆಯಲ್ಲಿ ಕೊರೆದರೆ ಕಂಬ ಸೀಳುತ್ತದೆ. ರೀಪಿಗೆ ಕೊಟ್ಟ ಸ್ಕ್ರೂ 100, ಹದಿನಾರು ರೀಪು ಒಂಬತ್ತು ಪಕಾಸಿಗೆ ಕೂರಲು ಬೇಕಾದದ್ದು 144. ಮೊದಲೇ 3 ಎಂಎಂ ತೂತು ಕೊರೆಯದೆ ಸ್ಕ್ರೂ ಹಾಕಿದರೆ ರೀಪಿನ ತುದಿ ಬಿರಿಯುವುದು ಖಚಿತ.

ಕಂಬಕ್ಕೆ ಟಾರು ಬಳಿದು ಎರಡಡಿ ಹೂಳಿ ಅನ್ನುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈ ಸಲಹೆ ಪೂರ್ತಿ ತಪ್ಪು. ಕಂಬ ಕೊಳೆಯುವುದು ಮಣ್ಣಿನ ಮಟ್ಟದಲ್ಲೇ, ನೀರೂ ಗಾಳಿಯೂ ಕೂಡುವಲ್ಲಿ. ಗೆದ್ದಲು ಏರುವುದೂ ಅಲ್ಲಿಂದಲೇ. ಒಂದೂವರೆ ಅಡಿ ಚದರ, ಎರಡಡಿ ಆಳದ ಗುಂಡಿಗೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಹಾಕಿ, ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ತನ್ನಿ. ನಾಲ್ಕಕ್ಕೂ ಸೇರಿ ನಾಲ್ಕು ಚೀಲ ಸಿಮೆಂಟ್ ಸಾಕು. ಹಸಿ ಇರುವಾಗಲೇ ಗ್ಯಾಲ್ವನೈಸ್ ಮಾಡಿದ ಯು ಕ್ಲ್ಯಾಂಪ್ ಊರಿ, ಕಂಬದ ಬುಡ ಕಾಂಕ್ರೀಟಿನಿಂದ ಒಂದಿಂಚು ಮೇಲಿರಲಿ. ಕ್ಲ್ಯಾಂಪ್ ಊರುವ ಮುನ್ನ ಕರ್ಣ ಅಳೆಯಿರಿ, ಎರಡೂ 14 ಅಡಿ 1¾ ಇಂಚಿನ ಹತ್ತಿರ ಬರಬೇಕು.

ಹೂಳದ ಕಂಬ ಅಲುಗುತ್ತದೆ, ಅದೂ ಖರೆ. ಹಾಗಾಗಿ ಕಂಬ 8 ಅಡಿ ಸಾಕೆಂದು ಹೇಳಿ, 2×4ರಲ್ಲಿ ಎರಡೂವರೆ ಅಡಿಯ ಓರೆ ಆಸರೆ ಎಂಟು ತುಂಡು ಕೊಯ್ಸಿಕೊಳ್ಳಿ. ಸೆಟ್‌ನಲ್ಲಿ ಇದು ಇಲ್ಲವೇ ಇಲ್ಲ. ಇಷ್ಟು ದುಡ್ಡು ತೆಗೆದುಕೊಂಡು ಆಸರೆ ಕೊಡದಿರುವುದು ಸರಿಯಲ್ಲ.

ಪಕಾಸಿಗಳನ್ನು 18 ಇಂಚಿಗೊಂದರಂತೆ ಕೂರಿಸಿ. ತೊಲೆ ಮೇಲೆ ಕೂರುವಲ್ಲಿ ಅಡಿಯಿಂದ ಅರ್ಧ ಇಂಚು ಕಚ್ಚು ಸಾಕು, ಒಂದಿಂಚು ಮೀರಿದರೆ ಅಲ್ಲೇ ಸೀಳು ಬಿಡುತ್ತದೆ. ಪಕಾಸಿಗೆ ಸ್ಕ್ರೂ ಮೇಲಿಂದ ಬೇಡ, ಪಕ್ಕದಿಂದ ಓರೆಯಾಗಿ.

ಹೊಳಪಿನ ಪಾಲಿಶ್‌ಗೆ ಅಂಗಡಿಯವರು ಒತ್ತಾಯ ಮಾಡುತ್ತಾರೆ. ಬೇಡ. ಅದು ಬಿರುಕು ಬಿಟ್ಟರೆ ಕೆಳಗೆ ನೀರು ಸೇರಿ ಮರ ಕಪ್ಪಾಗುತ್ತದೆ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಸಲ ಬಳಿಯಿರಿ, ತುಂಡುಗಳ ಕೊಯ್ದ ತುದಿಗೆ ಮೂರು ಸಲ. ಕೈಗವಸು ಕಡ್ಡಾಯ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಬಣ್ಣ ಕಪ್ಪಾಗುತ್ತದೆ, ಅದನ್ನು ಒಪ್ಪದವರಿಗೆ ಹೊರಾಂಗಣದ ವುಡ್ ಆಯಿಲ್ ಇದೆ, ಆದರೆ ವರ್ಷಕ್ಕೊಮ್ಮೆ ಬಳಿಯಬೇಕು. ಮೇ ಮೊದಲ ವಾರದೊಳಗೆ ಕೆಲಸ ಮುಗಿದಿರಲಿ. ಎಣ್ಣೆ ಪೂರ್ತಿ ಒಣಗಿದ ಮೇಲೆ, ಮೊದಲ ಮಳೆಗೆ ಬಳ್ಳಿ ನೆಡಬಹುದು. ಮೂಲೆಗೊಂದು ಥನ್‌ಬರ್ಜಿಯಾ ಅಥವಾ ಜಾಜಿ ಸಾಕು. ಘಟ್ಟದ ಮೇಲಿನವರು ಬೋಗನ್‌ವಿಲ್ಲಾ ಕೇಳುತ್ತಾರೆ, ಮಳೆಗಾಲ ಪೂರ್ತಿ ಬರೀ ಎಲೆ, ಜೊತೆಗೆ ಮುಳ್ಳು.