ಓದಿದ್ದನ್ನೇ ಓದುವುದೋ, ಪುಸ್ತಕ ಮುಚ್ಚಿ ಬರೆಯುವುದೋ?

ವಿಜಯಪುರದ ಹಾಸ್ಟೆಲಿನಲ್ಲಿದ್ದು ಪ್ರಥಮ ಪಿಯುಸಿ ಓದುತ್ತಿರುವ ನನ್ನ ತಂಗಿಯ ಮಗಳು ಕೇಳಿದ ಪ್ರಶ್ನೆ ಇದು. ಅವಳ ಜೀವಶಾಸ್ತ್ರದ ಪುಸ್ತಕ ತೆರೆದರೆ ಸಾಲು ಸಾಲಿಗೂ ಹಳದಿ ಬಣ್ಣ. ಅಂಚಿನಲ್ಲಿ ಒಂದೂ ಪ್ರಶ್ನೆಯಿಲ್ಲ.

ಮತ್ತೆ ಮತ್ತೆ ಓದುವುದು ಹಗುರ. ಮೂರನೆಯ ಸಲಕ್ಕೆ ಎಲ್ಲವೂ ಪರಿಚಿತವೆನಿಸುತ್ತದೆ, ಆ ಪರಿಚಯವನ್ನೇ ಕಲಿಕೆಯೆಂದು ನಂಬಿಬಿಡುತ್ತೇವೆ. ಇನ್ನೈದು ನಿಮಿಷಕ್ಕೆ ಪರೀಕ್ಷೆಯಿದ್ದರೆ ಇದೇ ಸಾಕು.

ಮುಚ್ಚಿಟ್ಟು ಬರೆಯುವುದು ಕಷ್ಟ, ಮೊದಮೊದಲು ಅಳುವೂ ಬರುತ್ತದೆ. ಆದರೆ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಒಂದು ಗುಂಪು ನಾಲ್ಕೂ ಅವಧಿ ಪಾಠವನ್ನು ಓದಿತು. ಇನ್ನೊಂದು ಒಂದು ಅವಧಿ ಓದಿ, ಮೂರು ಅವಧಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರದೇ ಮೇಲುಗೈ. ವಾರ ಕಳೆದಾಗ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ. 40, ಬರೆದವರಿಗೆ ಶೇ. 61.

ನನಗೆ ಅಂಕಿಗಿಂತಲೂ ದೊಡ್ಡದಾಗಿ ಕಾಣುವುದು ಬೇರೆ. ಗುರಿ ಇಟ್ಟುಕೊಂಡು, ಓದುವಾಗ ತನ್ನನ್ನು ತಾನೇ ಗಮನಿಸಿ, ಕೊನೆಗೆ ತಿದ್ದಿಕೊಳ್ಳುವುದನ್ನು ಸ್ವಯಂ ನಿಯಂತ್ರಿತ ಕಲಿಕೆ ಎನ್ನುತ್ತಾರೆ. ತಿದ್ದಿಕೊಳ್ಳಲು ತಪ್ಪು ಕಣ್ಣಿಗೆ ಬೀಳಬೇಕಲ್ಲ! ಆ ಸಂಜೆ ಅವಳಿಂದ ಹೃದಯದ ಚಿತ್ರ ಬರೆಸಿದೆ. ಹೃದಯದ ಎಡಭಾಗದಲ್ಲಿರಬೇಕಾದ ದ್ವಿದಳ ಕವಾಟ ಬಲಭಾಗಕ್ಕೆ ಹೋಗಿತ್ತು, ತ್ರಿದಳ ಎಡಭಾಗಕ್ಕೆ. ಹಳದಿ ಬಳಿದ ಪುಟದಲ್ಲಿ ಅದೇ ಎರಡು ಸಾಲನ್ನು ಅವಳು ಅದೆಷ್ಟು ಸಲ ಓದಿದ್ದಳೋ.

ಹೊಸ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಲೇಬೇಕು. ನಂತರ ಪುಸ್ತಕ ಮುಚ್ಚಿ ಬರೆಯಲಿ. ಎರಡು ದಿನ ಬಿಟ್ಟು ಮತ್ತೊಮ್ಮೆ ಬರೆಯಲಿ, ತಪ್ಪಿದ್ದನ್ನಷ್ಟೇ ತೆರೆದು ಓದಲಿ.