ಜಕಾರ್ತಾ ಪಕ್ಕದ ಹಳ್ಳಿಗಳ ಸಬ್ಸಿಡಿ ಮನೆ: ರೈಲು ನಂಬಿ, ನೀರು ಪರೀಕ್ಷಿಸಿ

ಜಕಾರ್ತಾದಲ್ಲಿ ಕೆಲಸ, ಹಳ್ಳಿಯಲ್ಲಿ ಮನೆ. ಹೀಗೆ ಲೆಕ್ಕ ಹಾಕುವವರ ಕಣ್ಣು ಈಗ ರಂಗ್ಕಾಸ್‌ಬಿತುಂಗ್ ರೈಲುಮಾರ್ಗದ ಮೇಲಿದೆ. ತಾನಾ ಅಬಾಂಗ್ ನಿಲ್ದಾಣದಿಂದ ಪಶ್ಚಿಮಕ್ಕೆ ಹೊರಟು ಸೆರ್ಪೊಂಗ್, ಪಾರುಂಗ್ ಪಾಂಜಾಂಗ್, ತೆಂಜೊ, ಮಾಜಾ ದಾಟಿ ಹೋಗುವ ಸುಮಾರು 72 ಕಿ.ಮೀ. ದಾರಿ ಇದು. 2017ರ ಏಪ್ರಿಲ್‌ನಲ್ಲಿ ವಿದ್ಯುತ್ ಲೋಕಲ್ ರೈಲು ಕೊನೆಯ ನಿಲ್ದಾಣದವರೆಗೂ ಓಡತೊಡಗಿತು. ಸೆರ್ಪೊಂಗ್ ದಾಟಿದರೆ ಕಿಟಕಿಯಾಚೆ ಗದ್ದೆ, ಬಾಳೆ, ಕೆಮ್ಮಣ್ಣು, ನಡುನಡುವೆ ಒಂದೇ ಅಚ್ಚಿನಲ್ಲಿ ತೆಗೆದಂಥ ಪುಟ್ಟ ಮನೆಗಳ ಸಾಲು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಸರ್ಕಾರದ ಸಬ್ಸಿಡಿಯ ಆ ಮನೆಗಳನ್ನೇ. ವಾಸಕ್ಕೆಂದು ಕೊಳ್ಳುವವರಿಗೆ ಈ ಬೆಲೆಗೆ ಇದು ಒಳ್ಳೆಯ ಮನೆ. ದುಡ್ಡು ಬೆಳೆಸಲೆಂದು ಕೊಳ್ಳುವವರಿಗೆ ಅಲ್ಲ.

ಮೊದಲು ಬೆಲೆ. ಸರ್ಕಾರ 2024ಕ್ಕೆ ನಿಗದಿ ಮಾಡಿದ ಗರಿಷ್ಠ ದರದಂತೆ ಜಕಾರ್ತಾ ಸುತ್ತಲಿನ ಜಿಲ್ಲೆಗಳಲ್ಲಿ 18.5 ಕೋಟಿ ರೂಪಿಯಾ, ಜಾವಾದ ಉಳಿದ ಕಡೆ 16.6 ಕೋಟಿ ರೂಪಿಯಾ. ಅಂಕಿ ನೋಡಿ ಗಾಬರಿಯಾಗಬೇಡಿ, 16.6 ಕೋಟಿ ರೂಪಿಯಾ ಅಂದರೆ ನಮ್ಮ ಒಂಬತ್ತು ಲಕ್ಷ ರೂಪಾಯಿಯ ಆಸುಪಾಸು. ಪಾರುಂಗ್ ಪಾಂಜಾಂಗ್ ಮತ್ತು ತೆಂಜೊ ಬೋಗೋರ್ ಜಿಲ್ಲೆಗೆ ಸೇರಿವೆ, ಅಲ್ಲಿ ಮೊದಲ ದರ. ಮಾಜಾ ಲೆಬಾಕ್ ಜಿಲ್ಲೆಯಲ್ಲಿರುವುದರಿಂದ ಎರಡನೆಯ ದರ. ಸಾಲದ ಬಡ್ಡಿ ಶೇ. 5, ಅವಧಿ 20 ವರ್ಷದವರೆಗೆ, ಬಡ್ಡಿ ಏರುವುದಿಲ್ಲ. ಮುಂಗಡ ಶೇ. 1 ಕೊಟ್ಟರೆ ಮಾಜಾದ ಮನೆಗೆ ತಿಂಗಳ ಕಂತು ಸುಮಾರು 10.85 ಲಕ್ಷ ರೂಪಿಯಾ, ತೆಂಜೊದ ಮನೆಗೆ ಸುಮಾರು 12.1 ಲಕ್ಷ. ಆ ಭಾಗದಲ್ಲಿ ಬಾಡಿಗೆಗೆ ಇರುವ ಕುಟುಂಬಕ್ಕೆ ಇದು ನಿಜಕ್ಕೂ ಹೊರೆಯಲ್ಲ.

ಆದರೆ ಈ ಮನೆ ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ, ಅದೂ ಆದಾಯದ ಮಿತಿಯೊಳಗಿದ್ದು ಮೊದಲ ಮನೆ ಕೊಳ್ಳುವವರಿಗೆ. ಜಕಾರ್ತಾದಲ್ಲಿ ನೌಕರಿಗಿರುವ ಕನ್ನಡಿಗರು ತಮ್ಮ ಹೆಸರಿಗೆ ಕೊಳ್ಳುವಂತಿಲ್ಲ. 1960ರ ಭೂ ಕಾನೂನಿನ ಪ್ರಕಾರ ಪೂರ್ಣ ಒಡೆತನದ ಹಕ್ಕು, ಅಂದರೆ ಅವರ ಭಾಷೆಯ ‘ಹಕ್ ಮಿಲಿಕ್’, ವಿದೇಶಿಯರಿಗೆ ಸಿಗುವುದಿಲ್ಲ. ಅವರಿಗಿರುವುದು ಬಳಕೆಯ ಹಕ್ಕು, ‘ಹಕ್ ಪಾಕಾಯ್’. ಈ ಹಳ್ಳಿಗಳಿರುವ ಬಾಂಟೆನ್ ಮತ್ತು ಪಶ್ಚಿಮ ಜಾವಾ ಪ್ರಾಂತ್ಯಗಳಲ್ಲಿ ವಿದೇಶಿಯರು ಕೊಳ್ಳುವ ಮನೆಯ ಕನಿಷ್ಠ ಬೆಲೆ 500 ಕೋಟಿ ರೂಪಿಯಾ ಎಂದು ನಿಯಮವೇ ಇದೆ, ಹಳ್ಳಿ ಮನೆಯ ಮಾತೇ ಅಲ್ಲಿ ಬರುವುದಿಲ್ಲ. ಸ್ಥಳೀಯರೊಬ್ಬರ ಹೆಸರಲ್ಲಿ ಬರೆಸಿ, ಒಳಗೊಂದು ಕರಾರು ಮಾಡಿಕೊಳ್ಳೋಣ ಎನ್ನುವ ದಲ್ಲಾಳಿ ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ. ಅಂಥ ವರ್ಗಾವಣೆಯೇ ಅಸಿಂಧು, ಜಮೀನು ಸರ್ಕಾರದ ಪಾಲಾಗುತ್ತದೆ, ಕೊಟ್ಟ ಹಣ ಕೇಳುವ ಹಕ್ಕೂ ಉಳಿಯುವುದಿಲ್ಲ. ಇಂಡೋನೇಷ್ಯಾದವರನ್ನು ಮದುವೆಯಾದ ನಮ್ಮವರು ಸಂಗಾತಿಯ ಹೆಸರಿಗೆ ಮನೆ ಕೊಳ್ಳಬೇಕೆಂದರೆ ಆಸ್ತಿ ಪ್ರತ್ಯೇಕವೆಂಬ ಒಪ್ಪಂದವನ್ನು ನೋಟರಿ ಮುಂದೆ ಮಾಡಿಸಿರಬೇಕು. ಮದುವೆಯ ನಂತರವೂ ಅದನ್ನು ಮಾಡಿಸಬಹುದೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದೆ.

ಇನ್ನು ಮನೆ. ಸಾಮಾನ್ಯವಾಗಿ 6 ಮೀಟರ್ ಅಗಲ, 10 ಮೀಟರ್ ಉದ್ದದ ನಿವೇಶನ, ಅದರಲ್ಲಿ 30 ಚದರ ಮೀಟರ್ ಆಸುಪಾಸಿನ ಕಟ್ಟಡ. ಎರಡು ಸಣ್ಣ ಕೋಣೆ, ಒಂದು ಬಚ್ಚಲು, ಮುಂದೊಂದು ಬೈಕು ನಿಲ್ಲುವಷ್ಟು ಜಾಗ. ಅಡುಗೆಮನೆ ಬಹುತೇಕ ಕಡೆ ಇರುವುದೇ ಇಲ್ಲ. ಹಿಂದೆ ಬಿಟ್ಟ ಖಾಲಿ ಜಾಗಕ್ಕೆ ನೀವೇ ಗೋಡೆ ಎತ್ತಿ ಸೂರು ಹಾಕಿಕೊಳ್ಳಬೇಕು, ಆ ಖರ್ಚನ್ನು ಮೊದಲೇ ಬದಿಗಿಡಿ. ಚಾವಣಿಗೆ ಹಗುರ ಉಕ್ಕಿನ ಚೌಕಟ್ಟು, ಗೋಡೆಗೆ ಹಗುರ ಬ್ಲಾಕ್ ಅಥವಾ ಸಿಮೆಂಟ್ ಇಟ್ಟಿಗೆ. ಗದ್ದೆಗೆ ಮಣ್ಣು ತುಂಬಿ ಕಟ್ಟಿದ ಕಡೆ ಆ ಮಣ್ಣು ಒಂದೆರಡು ಮಳೆಗಾಲ ಕೂರುತ್ತದೆ. ಆಗ ಬಾಗಿಲು ಚೌಕಟ್ಟಿನ ಮೇಲಿನ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ. ಓರೆ ಬಿರುಕಿನಲ್ಲಿ ನಾಣ್ಯದ ಅಂಚು ಹೋಗುವಂತಿದ್ದರೆ ಮಾತ್ರ ಆ ಮನೆ ಬಿಡಿ. ಒಂದು ಮಳೆಗಾಲ ಕಂಡ ಮನೆಯನ್ನೇ ನೋಡುವುದು ಜಾಣತನ, ಜಿಪ್ಸಂ ಚಾವಣಿಯ ಮೇಲಿನ ಕಂದು ಕಲೆ ಸೋರಿಕೆ ಎಲ್ಲಿದೆಯೆಂದು ತಾನೇ ತೋರಿಸುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಿರುವುದು ನೀರಿಗೆ. ಕೊಳವೆ ನೀರಿನ ಸಂಪರ್ಕವಿಲ್ಲದ ಬಡಾವಣೆಯಲ್ಲಿ ಮನೆಗೊಂದು ಬೋರ್‌ವೆಲ್, ಮನೆಗೊಂದು ಸೆಪ್ಟಿಕ್ ಟ್ಯಾಂಕ್. ಇವೆರಡರ ನಡುವೆ 10 ಮೀಟರ್ ಅಂತರವಿರಬೇಕು. ನಿವೇಶನದ ಉದ್ದವೇ 10 ಮೀಟರ್! ನಿಮ್ಮ ಟ್ಯಾಂಕನ್ನು ಮುಂದಿಟ್ಟು ಬಾವಿಯನ್ನು ಹಿಂದಿಟ್ಟರೂ ಬೆನ್ನಿಗೆ ಬೆನ್ನು ತಾಗಿದ ಹಿಂಬದಿ ಮನೆಯವರ ಟ್ಯಾಂಕ್ ಎಲ್ಲಿದೆಯೋ ಕೇಳಲೇಬೇಕು. ಆದ್ದರಿಂದ ಈ ನೀರನ್ನು ಕುದಿಸದೆ ಕುಡಿಯಬಾರದು, ಅಲ್ಲಿನವರು ಕುಡಿಯಲು 19 ಲೀಟರಿನ ಕ್ಯಾನ್ ತರಿಸುವುದೂ ಅದಕ್ಕೇ. ಕಬ್ಬಿಣದ ಅಂಶ ಪತ್ತೆಹಚ್ಚಲು ಸುಲಭದ ದಾರಿ ಒಂದಿದೆ. ಬಿಳಿ ಬಕೆಟ್‌ನಲ್ಲಿ ನೀರು ಹಿಡಿದು ರಾತ್ರಿಯಿಡೀ ಬಿಡಿ. ಹಿಡಿದಾಗ ತಿಳಿಯಾಗಿದ್ದದ್ದು ಬೆಳಿಗ್ಗೆ ಹಳದಿ ತಿರುಗಿ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂತಿದ್ದರೆ ಫಿಲ್ಟರ್ ಬೇಕೇ ಬೇಕು. ನೋಡಲು ಹೋಗುವುದಾದರೆ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಿ, ಒಣ ಕಾಲದಲ್ಲಿ ಬಾವಿಯ ನಿಜ ಬಣ್ಣ ಬಯಲಾಗುತ್ತದೆ.

ವಿದ್ಯುತ್ ಪ್ರೀಪೇಯ್ಡ್, ಟೋಕನ್ ಸಂಖ್ಯೆ ಒತ್ತಿ ಮೀಟರಿಗೆ ಹಣ ತುಂಬಬೇಕು. 1300 ವಿಎ ಸಂಪರ್ಕ ಅಂದರೆ 6 ಆಂಪ್ ಅಷ್ಟೇ. ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ ಎರಡೂ ಓಡುತ್ತಿರುವಾಗ ಪಂಪ್ ಹಾಕಿದರೆ ಶುರುವಾಗುವ ಗಳಿಗೆಯ ಹೆಚ್ಚಿನ ಕರೆಂಟಿಗೆ ಟ್ರಿಪ್ ಆಗುತ್ತದೆ. ಮೇಲೊಂದು ಟ್ಯಾಂಕ್ ಇಟ್ಟು ಬೆಳಗಿನ ಜಾವ ತುಂಬಿಸಿಕೊಂಡರೆ ಈ ಕಾಟವಿಲ್ಲ.

ರೈಲಿಗೆ ನಮ್ಮ ಪೂರ್ಣ ಅಂಕ. ಮೊದಲ 25 ಕಿ.ಮೀ.ಗೆ 3,000 ರೂಪಿಯಾ, ಆಮೇಲೆ ಪ್ರತಿ 10 ಕಿ.ಮೀ.ಗೆ 1,000. ಕೊನೆಯ ನಿಲ್ದಾಣದಿಂದಲೂ ತಾನಾ ಅಬಾಂಗ್‌ಗೆ 8,000 ಮಾತ್ರ. ಮಾಜಾದಲ್ಲಿ ಬೆಳಿಗ್ಗೆ ಸೀಟು ಸಿಗುವ ಸಾಧ್ಯತೆ ಚೆನ್ನಾಗಿದೆ, ಪಾರುಂಗ್ ಪಾಂಜಾಂಗ್ ಹೊತ್ತಿಗೆ ಅದು ಕಷ್ಟ. ಸಂಜೆ ತಾನಾ ಅಬಾಂಗ್‌ನಲ್ಲಿ ಎಲ್ಲರಿಗೂ ನಿಂತೇ ಪ್ರಯಾಣ. ಜಾಹೀರಾತಿನ ‘ನಿಲ್ದಾಣದಿಂದ 10 ನಿಮಿಷ’ವನ್ನು ಮಾತ್ರ ನಂಬಬೇಡಿ, ಮಳೆಯಲ್ಲಿ ಬೈಕಿನಲ್ಲಿ ಹೋಗಿ ನೋಡಿ. 3 ಕಿ.ಮೀ. ಮೀರಿದರೆ ದಿನವೂ ಬೈಕು, ಪಾರ್ಕಿಂಗ್ ಖರ್ಚು ರೈಲಿನ ಅಗ್ಗವನ್ನು ತಿಂದುಹಾಕುತ್ತದೆ. ಪಾರುಂಗ್ ಪಾಂಜಾಂಗ್ ಕಡೆಯ ರಸ್ತೆಗಳಲ್ಲಿ ಕಲ್ಲುಕ್ವಾರಿ ಲಾರಿಗಳದ್ದು ಹಳೆಯ ಗೋಳು, ಧೂಳು, ಗುಂಡಿ, ಅಪಘಾತ ಎಲ್ಲವೂ. ಲಾರಿ ಓಡಾಟಕ್ಕೆ ಜಿಲ್ಲಾಡಳಿತ ರಾತ್ರಿಯ ಹೊತ್ತು ಗೊತ್ತುಮಾಡಿದೆ, ಹಾಗಾಗಿ ಆ ರಸ್ತೆಯ ಬದಿಯ ಮನೆಯವರಿಗೆ ನಿದ್ದೆಯ ಚಿಂತೆ.

ಹಳ್ಳಿಗೆ ಅಲ್ಲಿ ‘ದೇಸಾ’ ಎನ್ನುತ್ತಾರೆ, ನಮ್ಮ ‘ದೇಶ’ದ ಮೂಲವೇ. ಬಡಾವಣೆ ಹೊಸದಾದರೂ ಬಾಳುವುದು ದೇಸಾದ ರೀತಿಯಲ್ಲಿ. ಹತ್ತಾರು ಮನೆಗಳ ನೆರೆಹೊರೆ ಘಟಕಕ್ಕೆ ‘ಆರ್‌ಟಿ’ ಎಂದು ಹೆಸರು, ಅದಕ್ಕೊಬ್ಬ ಮುಖ್ಯಸ್ಥರು. ಬಂದ ದಿನವೇ ಅವರ ಮನೆಗೆ ಹೋಗಿ ಗುರುತಿನ ಚೀಟಿಯ ನಕಲು ಕೊಡಿ, ಅತಿಥಿ ರಾತ್ರಿ ಉಳಿದರೆ 24 ಗಂಟೆಯೊಳಗೆ ತಿಳಿಸಿ. ತಿಂಗಳ ವಂತಿಗೆ, ಸರದಿಯ ರಾತ್ರಿ ಗಸ್ತು, ಭಾನುವಾರ ಚರಂಡಿ ಶುಚಿ ಮಾಡುವ ‘ಕೆರ್ಜಾ ಬಾಕ್ತಿ’. ಇವುಗಳಿಂದ ತಪ್ಪಿಸಿಕೊಂಡವರಿಗೆ ಕಷ್ಟಕಾಲದಲ್ಲಿ ಕೈ ಹಿಡಿಯುವವರು ಕಡಿಮೆ. ಯಾರಾದರೂ ತೀರಿಕೊಂಡರೆ ಏಳು ರಾತ್ರಿ ಪ್ರಾರ್ಥನೆ ನಡೆಯುತ್ತದೆ, ಬೇರೆ ಧರ್ಮದವರಾದರೂ ಮೊದಲ ದಿನ ಹೋಗಿ ಕೂತು ಬರುವುದು ವಾಡಿಕೆ. ಈ ಭಾಗದ ಹಳಬರಲ್ಲಿ ಸುಂಡಾ ಭಾಷೆಯವರು ಬಹಳ, ಅವರ ಮುಂದೆ ಹಾದುಹೋಗುವಾಗ ತುಸು ಬಾಗಿ ‘ಪುಂತೆನ್’ (ಕ್ಷಮಿಸಿ) ಅಂದರೆ ಮುಖ ಅರಳುತ್ತದೆ.

ಬಡಾವಣೆ ಬೇಡ, ಹಳ್ಳಿಯಲ್ಲೇ ಜಾಗ ಕೊಂಡು ಕಟ್ಟಿಸುತ್ತೇವೆ ಎನ್ನುವ ಅಲ್ಲಿನವರಿಗೆ ಕಾಗದವೇ ಮುಖ್ಯ. ಹಳ್ಳಿಗಳಲ್ಲಿ ಇನ್ನೂ ಕೈಬದಲಾಗುವ ‘ಗಿರಿಕ್’ ಹಳೆಯ ತೆರಿಗೆ ಚೀಟಿ ಅಷ್ಟೆ. ನಮ್ಮಲ್ಲಿ ಕಂದಾಯ ರಸೀದಿ ತೋರಿಸಿ ಸೈಟು ಮಾರುವಂತೆಯೇ. 2021ರ ಸರ್ಕಾರಿ ಆದೇಶ ಕೊಟ್ಟಿದ್ದ ಐದು ವರ್ಷದ ಗಡುವು 2026ರ ಫೆಬ್ರುವರಿಗೆ ಮುಗಿದು, ಗಿರಿಕ್‌ಗೆ ಒಡೆತನದ ಪುರಾವೆಯ ಬಲವಿಲ್ಲ. ಭೂ ಇಲಾಖೆಯ ಪ್ರಮಾಣಪತ್ರವಿದ್ದರೆ ಮಾತ್ರ ಮಾತಿಗೆ ಕೂರಿ, ‘ಸೆಂತುಹ್ ತಾನಾಹ್‌ಕು’ ಆ್ಯಪ್‌ನಲ್ಲಿ ಆ ತುಂಡನ್ನು ನಕ್ಷೆಯಲ್ಲಿ ಹುಡುಕಿ, ಆಮೇಲೆ ಜಮೀನಿನ ಕ್ರಯಪತ್ರ ಮಾಡಿಕೊಡುವ ಪಿಪಿಎಟಿ ಅಧಿಕಾರಿಯ ಮೂಲಕ ಇಲಾಖೆಯಲ್ಲಿ ತಾಳೆ ನೋಡಿಸಿ. ಸಂರಕ್ಷಿತ ಗದ್ದೆಯಾಗಿದ್ದರೆ ಮನೆ ಕಟ್ಟುವ ಅನುಮತಿಗೆ ದಾರಿ ಮುಚ್ಚಿದಂತೆಯೇ. ದೊಡ್ಡ ಜಮೀನನ್ನು ಗೆರೆ ಎಳೆದು ಮಾರಿ, ‘ಪತ್ರ ಆಮೇಲೆ ಬಿಡಿಸಿಕೊಡುತ್ತೇವೆ’ ಎನ್ನುವ ತುಂಡು ನಿವೇಶನಗಳಲ್ಲೇ ಹೆಚ್ಚು ಜನ ಹಣ ಕಳೆದುಕೊಳ್ಳುವುದು. ಹಳಬರು ಬೆಲೆಯನ್ನು ‘ತುಂಬಾಕ್’ ಲೆಕ್ಕದಲ್ಲಿ ಹೇಳಿದರೆ ಅದು 14 ಚದರ ಮೀಟರ್, ಮೀಟರಿಗೆ ಇಳಿಸಿಯೇ ಚೌಕಾಸಿ ಮಾಡಿ. 20 ಕೋಟಿ ರೂಪಿಯಾದ ಜಾಗಕ್ಕೆ ತೆರಿಗೆ ವಿನಾಯಿತಿ 8 ಕೋಟಿ ಎಂದಿಟ್ಟುಕೊಂಡರೆ ಉಳಿದದ್ದರ ಶೇ. 5, ಅಂದರೆ 60 ಲಕ್ಷ ಕೊಳ್ಳುವವರ ಪಾಲು. ಶೇ. 2.5ರಂತೆ 50 ಲಕ್ಷ ಮಾರುವವರದ್ದು. ಪಿಪಿಎಟಿ ಶುಲ್ಕ ಶೇ. 1 ಮೀರುವಂತಿಲ್ಲ.

ಬೆಲೆ ಏರುತ್ತದೆಯೇ ಎಂಬ ಪ್ರಶ್ನೆಗೆ ಬರೋಣ. ಸಬ್ಸಿಡಿ ಮನೆಯನ್ನು ಐದು ವರ್ಷ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ, ವಾಸ ಮಾಡಲೇಬೇಕು. ಅದಾದ ಮೇಲೂ ಪಕ್ಕದಲ್ಲೇ ಹೊಸ ಸಬ್ಸಿಡಿ ಮನೆ ಅಗ್ಗದ ಬಡ್ಡಿಗೆ ಸಿಗುತ್ತಿರುವಾಗ ನಿಮ್ಮ ಹಳೆಯ ಮನೆಗೆ ಹೆಚ್ಚು ಕೊಡುವವರು ಯಾರು? ಜನ ತುಂಬಿ ನೆಲೆನಿಂತ ಬಡಾವಣೆಗೆ ಮಾತ್ರ ಆ ಬೆಲೆ ಬರುತ್ತದೆ. ಅದನ್ನು ತಿಳಿಯಲು ಕೆಲಸದ ದಿನ ರಾತ್ರಿ ಎಂಟರ ಮೇಲೆ ಅಲ್ಲಿಗೆ ಹೋಗಿ. ಒಂದು ಬೀದಿಯಲ್ಲಿ ಇಪ್ಪತ್ತು ಮನೆಯಿದ್ದರೆ ದೀಪ ಉರಿಯುವವು ಎಷ್ಟೆಂದು ಎಣಿಸಿ. ಹದಿನೈದಕ್ಕಿಂತ ಕಡಿಮೆಯಿದ್ದರೆ ಮುಂದಿನ ಬಡಾವಣೆ ನೋಡಿ.