ಹೊರರಾಜ್ಯದ ಕಾಲೇಜಿಗೆ ಎನ್‌ಎಸ್‌ಪಿ ಸ್ಕಾಲರ್‌ಶಿಪ್: ಉಪಯೋಗವಿದೆ, ಆದರೆ ಹಾಸ್ಟೆಲ್ ಡೆಪಾಸಿಟ್‌ಗೆ ಅದನ್ನು ನೆಚ್ಚಬೇಡಿ

ಪಿಯುಸಿ ಮುಗಿಸಿ ಪುಣೆ, ಚೆನ್ನೈ ಕಡೆ ಹೊರಡುವ ತೀರ್ಥಹಳ್ಳಿ, ಹೊಸನಗರದ ಮಕ್ಕಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನ (ಎನ್‌ಎಸ್‌ಪಿ) ಸೆಂಟ್ರಲ್ ಸೆಕ್ಟರ್ ಸ್ಕೀಮ್ ಎಂಬ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಒಳ್ಳೆಯದೇ. ಪದವಿಗೆ ವರ್ಷಕ್ಕೆ ₹12,000. ಮನೆಯ ವಾರ್ಷಿಕ ಆದಾಯ 4.5 ಲಕ್ಷ ದಾಟಿರಬಾರದು, ಅಂಕ ಬೋರ್ಡಿನ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಅಂದರೆ ಪರೀಕ್ಷೆ ಬರೆದ ನೂರರಲ್ಲಿ ಎಂಬತ್ತು ಜನರಿಗಿಂತ ಮುಂದಿರಬೇಕು. ಶೇ. 80 ಅಂಕ ಅಂತ ತಿಳಿದು ಸುಮ್ಮನಾಗುವವರೇ ಹೆಚ್ಚು, ಎರಡೂ ಬೇರೆ.

ಅರ್ಜಿ ತುಂಬುವುದು ಸಲೀಸು. ಎಡವಟ್ಟಾಗುವುದು ಹೆಸರಿನಲ್ಲಿ: ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಊರು ಬಿಡುವ ಮೊದಲೇ ಸರಿಮಾಡಿಸಿಕೊಳ್ಳಿ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟರಷ್ಟೇ ಸಾಲದು, ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬರುವ ವ್ಯವಸ್ಥೆ) ಸೀಡಿಂಗ್, ಅಂದರೆ ಖಾತೆಗೆ ಆಧಾರ್ ಜೋಡಣೆ, ಆಗಿರಬೇಕು. ಇಲ್ಲದಿದ್ದರೆ ಮಂಜೂರಾದ ಹಣವೂ ಖಾತೆಗೆ ಬೀಳುವುದಿಲ್ಲ. ಅರ್ಜಿ ಸಲ್ಲಿಸಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ (ಸ್ಕಾಲರ್‌ಶಿಪ್ ಅರ್ಜಿ ನೋಡಿಕೊಳ್ಳುವವರು) ಪರಿಶೀಲಿಸಿ ಮುಂದೆ ಕಳಿಸಬೇಕು. ಅಲ್ಲಿಯವರೆಗೂ ಅವರ ಬೆನ್ನು ಬಿಡಬೇಡಿ.

ದೊಡ್ಡ ಕೊರತೆ ಸಮಯದ್ದು. ಹಾಸ್ಟೆಲ್‌ನವರು ಡೆಪಾಸಿಟ್ ಕೇಳುವುದು ಸೇರುವಾಗಲೇ, ಅಂದರೆ ಅಡಿಕೆ ದುಡ್ಡೂ ಕೈಯಲ್ಲಿಲ್ಲದ ಮಳೆಗಾಲದಲ್ಲಿ. ಸ್ಕಾಲರ್‌ಶಿಪ್ ಬರುವುದು ಎಷ್ಟೋ ತಿಂಗಳ ನಂತರ. ಡೆಪಾಸಿಟ್‌ಗೆ ಬೇರೆಯೇ ಹಣ ಹೊಂದಿಸಿಟ್ಟು, ರಸೀದಿಯಲ್ಲಿ ಎಷ್ಟು ವಾಪಸ್, ಹಾಸ್ಟೆಲ್ ಬಿಡಲು ಎಷ್ಟು ದಿನದ ನೋಟಿಸ್ ಎಂದು ಬರೆಸಿಕೊಳ್ಳಿ. ಸ್ಕಾಲರ್‌ಶಿಪ್ ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಿ ಬೇಕು. ಪ್ರತಿ ವರ್ಷ ಅರ್ಜಿ ಹಾಕಲೇಬೇಕು.